ಅಡುಗೆಮನೆಯೊಳಗಿನ ಬನ್ನಿಮರ

ಈ ಕಥೆಯ ಮೊದಲ ತುಣುಕನ್ನು ನನಗೆ ಹೇಳಿದವರು ನಮ್ಮ ಪಕ್ಕದ ಮನೆಯ ವೆಲ್ಡಿಂಗ್ ಚಾಚಾ. ಉಳಿದದ್ದು ನನ್ನ ಕಣ್ಣ ಮುಂದೆಯೇ ನಡೆಯಿತು. ಇಂಥವು ನಮ್ಮ ಬಡಾವಣೆಯಲ್ಲಿ ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ, ತಪ್ಪದೆ ನಡೆಯುತ್ತವೆ.

ಆಳಂದ ಪೇಟೆ ದಾಟಿ ಕಡಗಂಚಿ ದಾರಿ ಹಿಡಿದರೆ ನಮ್ಮ ಮನೆಗಳು ಸಿಗುತ್ತವೆ. ಮೊದಲು ಇದೆಲ್ಲ ಒಬ್ಬ ಮುತ್ಯಾನ, ಅಂದರೆ ಅಜ್ಜನ, ತೊಗರಿ ಹೊಲ. ಮಕ್ಕಳು ಪ್ಲಾಟು ಮಾಡಿ ಮಾರಿದರು. ಮುತ್ಯಾ ಪೇಟೆಯೊಳಗೆ ಮಕ್ಕಳು ಮೊಮ್ಮಕ್ಕಳ ನಡುವೆ ಸುಖವಾಗಿದ್ದಾರೆ. ಆದರೆ ಎಳ್ಳಮಾವಾಸ್ಯೆ ದಿನ ಹೊಲಕ್ಕೆ ಹೋಗಿ, ಬನ್ನಿಮರದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ತಂದ ಎಡೆಯನ್ನು ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆಯೇ ಬಾಯಿಗೆ ತುತ್ತು ಇಡುವುದು ಅವರ ರೂಢಿ. ಹೊಲ ಹೋಯಿತು, ಮರ ಹೋಯಿತು. ರೂಢಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಗೌಂಡಿ ಓಡಿದ್ದು

ಆಗ ಇಲ್ಲಿ ಕಟ್ಟುತ್ತಿದ್ದದ್ದು ಚಾಚಾ ಅವರ ಮನೆ ಒಂದೇ. ಎಳ್ಳಮಾವಾಸ್ಯೆ ದಿನ ಗೌಂಡಿ ಹಿಂದಿನ ಗೋಡೆಗೆ ಸಿಮೆಂಟು ಮೆತ್ತಿ ಗಿಲಾಯಿ ಮಾಡುತ್ತಿದ್ದ. ಬೆನ್ನ ಹಿಂದಿನಿಂದ ಯಾರೋ ಕೂಗುತ್ತಾ ಬಂದರು. ತಿರುಗಿ ನೋಡುವಷ್ಟರಲ್ಲಿ ಹಸಿ ಸಿಮೆಂಟಿನ ಮೇಲೆ ಕಡಬಿನ ಚೂರು, ಅಂಬಲಿ, ಎಳ್ಳು! ಯಾರೋ ಮಾಟ ಮಾಡಿದರೆಂದು ಬೆದರಿ ಗೌಂಡಿ "ಭಾನಾಮತಿ! ಭಾನಾಮತಿ!" ಎಂದವನೇ ಕರಣಿ ಅಲ್ಲೇ ಬಿಟ್ಟು ಓಡಿದ.

ಕೂಗು ಕೇಳಿ ಬಂದ ಚಾಚಾ, ಬುಟ್ಟಿ ಹಿಡಿದು ನಿಂತಿದ್ದ ಮುದುಕರನ್ನು ಕೇಳಿದರು: "ಏನ್ ಮಾಡಾಕತ್ತೀರಿ ಮುತ್ಯಾ?"

"ಹೊಲಕ್ಕ ಉಣಿಸಾಕತ್ತೇನಿ."

"ಹೊಲ ಎಲ್ಲದರಿ?"

"ನೀ ಅದರ ಮ್ಯಾಲೇ ನಿಂತೀಯಲ್ಲಪಾ."

ಗೌಂಡಿ ಮರುದಿನವೂ ಒಳಗೆ ಬರಲು ಒಪ್ಪಲಿಲ್ಲ. ಚಾಚಾ ಉಪಾಯ ಮಾಡಿದರು. ಮುತ್ಯಾ ಕೊಟ್ಟುಹೋಗಿದ್ದ ಕಡಬನ್ನೂ ಸಜ್ಜಿ ರೊಟ್ಟಿಯನ್ನೂ ಅವನ ಎದುರಿಗೇ ಕೂತು ತಿಂದರು. "ನೋಡ್ ಭಾಯಿ, ತಿಂದೇನಿ, ಏನರ ಆತೇನು?" ಗೌಂಡಿ ಕಡೆಯ ತುತ್ತಿನವರೆಗೂ ಕಣ್ಣು ಕೀಳದೆ ನೋಡಿದ. ಆಮೇಲೆ ಮುಖ ಸಣ್ಣದು ಮಾಡಿ ಕೇಳಿದ: "ಎಲ್ಲಾ ನೀವೇ ತಿಂದ್ರಲ್ರಿ, ನನ್ನ ಪಾಲು?"

ಯಾರ ಕಡೆಯ ಬೀಗರು

ಮುಂದಿನ ವರ್ಷ ನಾವು ಕರಜಗಿಯಿಂದ ಬಂದು ಇಲ್ಲಿ ಮನೆ ಹೂಡಿದ್ದೆವು. ಅವತ್ತು ನಾನು ಪಡಸಾಲೆಯಲ್ಲಿ ಲಿಂಗಪೂಜೆಗೆ ಕೂತಿದ್ದೆ. ಅಂಗೈಯಲ್ಲಿ ಲಿಂಗ ಇರುವಾಗ ನಾನು ಮಾತಾಡುವವನಲ್ಲ. ಬಿಳಿ ರುಮಾಲಿನ ಹಿರಿಯರೊಬ್ಬರು ಬುಟ್ಟಿ ಹೊತ್ತು ಮುಂದಿನ ಬಾಗಿಲಿನಿಂದ ಒಳಗೆ ಬಂದರು. ಹೆಂಡತಿಯ ತವರಿನವರಿರಬೇಕು ಎಂದುಕೊಂಡು ತಲೆಯಾಡಿಸಿದೆ. ಮನೆಯವಳು ಮಣೆ ಹಾಕಿ ಚಹಾ ಕೊಟ್ಟಳು. ಅವರು ಕುಡಿದು, ಕಪ್ಪು ತೊಳೆದಿಟ್ಟು, ಹಿಂದಿನ ಬಾಗಿಲಿನಿಂದ ಹೊರಟೇಹೋದರು.

ಪೂಜೆ ಮುಗಿಸಿ ಕೇಳಿದೆ: "ನಿಮ್ಮ ಕಾಕಾ ಏನು? ಊಟಕ್ಕ ನಿಲ್ಲಿಸಬೇಕಿಲ್ಲೇನು?"

"ನಮ್ಮ ಕಾಕಾ? ನೀವು ತಲಿ ಆಡಿಸಿದ್ದು ನೋಡಿ ನಿಮ್ಮ ಕಡಿಯವರು ಅನ್ಕೊಂಡೆ!"

ಓಡಿಹೋಗಿ ಅವರನ್ನು ಹಿಡಿದೆ. "ಮುತ್ಯಾ, ರಸ್ತಾ ಹೊರಗ ಅದರಿ."

"ರಸ್ತಾ ನಿನ್ನೆ ಮೊನ್ನೆ ಬಂದದ್ದಪಾ. ಪೂಜಿ, ಚರಗ ಮುಗಿಸಿ ಮನಿಗೆ ಹೋಗುವಾಗ ನಾ ಬದುವಿನ ಮ್ಯಾಲೇ ನಡಿಯಾಂವ. ನಿನ್ನ ಪಡಸಾಲಿ ಬದುವಿನ ಮ್ಯಾಲ ಬಂದದ. ಅದರಾಗ ನಂದೇನು ತಪ್ಪು?"

ಮನೆಗೆ ಬಂದು ಹೇಳಿದೆ. ಮನೆಯವಳು ನಿಧಾನಕ್ಕೆ ಅಂದಳು: "ಆವಾಗೇ ತಿಳೀಬೇಕಿತ್ತು ನನಗ. ನಿಮ್ಮ ಕಡಿಯವರು ಯಾರೂ ಇಲ್ಲೀತನಕ ಕಪ್ಪು ತೊಳೆದಿಟ್ಟು ಹೋಗಿಲ್ಲ."

ಕೀಲಿ ಹಾಕಿದ ಗೇಟು

ಮೂರನೆಯ ವರ್ಷ ನಗೆ ಸ್ವಲ್ಪ ಹೊತ್ತು ನಿಂತುಹೋಯಿತು. ಬನ್ನಿಮರವಿದ್ದ ಪ್ಲಾಟಿನಲ್ಲಿ ಮಾಸ್ತರೊಬ್ಬರು ಮನೆ ಕಟ್ಟಿದ್ದರು. ಅವರು ಗೇಟಿಗೆ ಕೀಲಿ ಹಾಕಿ, ಒಳಗಿನಿಂದಲೇ ಮಾತಾಡಿದರು: "ಇವತ್ತು ಪೂಜಿ ಅಂತೀರಿ, ನಾಳಿ ಕಟ್ಟಿ ಅಂತೀರಿ, ನಾಡದು ಗುಡಿ ಅಂತೀರಿ. ಆಮ್ಯಾಲ ನಾ ಎಲ್ಲಿಗೆ ಹೋಗ್ಲಿ?"

ಮುತ್ಯಾ ಬುಟ್ಟಿ ಮುಂದಿಟ್ಟುಕೊಂಡು ಗೇಟಿನ ಎದುರು ಕೂತರು. ಹೊತ್ತು ನೆತ್ತಿಗೆ ಬಂತು. ಚರಗ ಆಗದೆ ಆ ಜೀವ ನೀರೂ ಮುಟ್ಟುವುದಿಲ್ಲ. ತುಟಿ ಒಣಗಿತ್ತು. ನಾನೂ ಚಾಚಾನೂ ಗೇಟಿಗೆ ನಿಂತು ಕೇಳಿಕೊಂಡೆವು. ಮಾಸ್ತರು ಕಾಗದಪತ್ರ ತಂದು ತೋರಿಸಿದರು.

ಮುತ್ಯಾ ಅಷ್ಟೇ ಮೆಲ್ಲಗೆ ಅಂದರು: "ಕಾಗದ ನಿಂದೇ, ಜಾಗಾನೂ ನಿಂದೇ. ನಾ ಕೇಳಾಕ ಬಂದಿಲ್ಲ ಮಾಸ್ತರ, ಕೊಡಾಕ ಬಂದೇನಿ. ಇಷ್ಟು ವರ್ಷ ನನಗ ಉಣಿಸಿದ ನೆಲ ಇದು. ವರ್ಷಕ್ಕ ಒಂದ್ ತುತ್ತು ನಾ ಉಣಿಸಬ್ಯಾಡೇನು?"

ಮಾಸ್ತರು ಕಾಗದ ಮಡಿಚುತ್ತಾ ನಿಂತರು. ಮಡಿಚಿದ್ದನ್ನೇ ಮತ್ತೆ ಮಡಿಚಿದರು. ಅಷ್ಟರಲ್ಲಿ ಒಳಗಿನಿಂದ ಅವರ ಮನೆಯವರ ದನಿ ಬಂತು: "ಕೀಲಿ ತಗೀರಿ ಸುಮ್ನ! ಬುಟ್ಟಿಯೊಳಗಿನ ಭಜ್ಜಿ ವಾಸನಿ ಅಡುಗಿಮನಿತನಕ ಬರಾಕತ್ತದ!"

ಗೇಟು ತೆರೆಯಿತು.

ತಣ್ಣನೆಯ ದೇವರು

ಮುತ್ಯಾ ರಸ್ತೆಯ ಮೂಲೆಯ ಗಡಿಕಲ್ಲಿನಿಂದ ಹೆಜ್ಜೆ ಎಣಿಸುತ್ತಾ ಬಂದರು. ಹೆಜ್ಜೆ ಅಂಗಳ ದಾಟಿತು, ಪಡಸಾಲೆ ದಾಟಿತು, ಅಡುಗೆಮನೆಗೆ ಹೊಕ್ಕು ಫ್ರಿಜ್ಜಿನ ಮುಂದೆ ನಿಂತಿತು. "ಬನ್ನಿ ಗಿಡ ಇಲ್ಲೇ ಇತ್ತು ನೋಡು." ಫ್ರಿಜ್ಜಿನ ಬುಡಕ್ಕೇ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜೆಗೆ ಕೂತರು.

ಸುದ್ದಿ ಹರಡಿ ಓಣಿಯ ಹೆಣ್ಣುಮಕ್ಕಳು ತಡವಾಗಿ ಬಂದರು. ಎಲ್ಲರೂ ಕೈ ಮುಗಿದು ನಿಂತದ್ದು ಕಂಡಿತೇ ಹೊರತು, ನೆಲದ ಕಲ್ಲು ಜನರ ಮರೆಯಲ್ಲಿ ಕಾಣಲಿಲ್ಲ. ಎದ್ದು ಕಂಡದ್ದು ಫ್ರಿಜ್ಜು. ಒಬ್ಬರು ಅದಕ್ಕೆ ವಿಭೂತಿ ಹಚ್ಚಿದರು. ಇನ್ನೊಬ್ಬರು ಕುಂಕುಮ ಇಟ್ಟರು. ಮೂರನೆಯವರು ಹಿಡಿಕೆಗೆ ಚೆಂಡುಹೂವಿನ ಸರ ಕಟ್ಟಿದರು. ನಾನೂ ಕೈ ಮುಗಿದೆ. ಲಿಂಗ ಎದೆಯ ಮೇಲೇ ಇದ್ದುದರಿಂದ, ಯಾರಿಗೆ ಮುಗಿದೆ ಎಂದು ಕೇಳುವ ಪ್ರಶ್ನೆ ಬರಲಿಲ್ಲ.

ಆಮೇಲೆ ಚರಗ. ಹೊಲ ದೊಡ್ಡದು, ಮನೆಗಳು ಬಹಳ. ಮುತ್ಯಾ ಒಂದೊಂದು ಅಂಗಳಕ್ಕೂ ಒಂದೊಂದು ಚಿಟಿಕೆ ಚೆಲ್ಲುತ್ತಾ ನಡೆದರು. ಹಿಂದೆ ನಾವೆಲ್ಲ. ಮುಖ ಕಂಡರೂ ಮಾತಾಡದಿದ್ದ ಜನ ಅವತ್ತು ಒಬ್ಬರ ಬಾಗಿಲು ಒಬ್ಬರು ತುಳಿದೆವು. ಕಡೆಗೆ ಮಾಸ್ತರ ಅಂಗಳದಲ್ಲಿ ಪಂಕ್ತಿ. ಮುತ್ಯಾನ ಎಲೆಗೆ ಮೊದಲ ರೊಟ್ಟಿ ಹಾಕಿದವರು ಸ್ವತಃ ಮಾಸ್ತರು. ಮುತ್ಯಾ ತುತ್ತು ಬಾಯಿಗಿಟ್ಟ ಮೇಲೆ ನಮ್ಮ ಗಂಟಲಲ್ಲೂ ಊಟ ಇಳಿಯಿತು.

ಈಗ ಎಳ್ಳಮಾವಾಸ್ಯೆ ಬಂತೆಂದರೆ ಮಾಸ್ತರೇ ಪೇಟೆಗೆ ಸ್ಕೂಟರ್ ತಗೊಂಡು ಹೋಗಿ ಮುತ್ಯಾನನ್ನು ಕರೆತರುತ್ತಾರೆ. ಈ ನಡುವೆ ಅವರ ಫ್ರಿಜ್ಜು ಕೆಟ್ಟಿತು. ಹಳೆಯದು ಕೊಟ್ಟು ಹೊಸದು ತರಲು ಹೋದರು. ಅಂಗಡಿಯ ಆಳುಗಳು ಮನೆಗೆ ಬಂದು, ಮೂರು ಪಟ್ಟೆ ವಿಭೂತಿಯನ್ನೂ ಕುಂಕುಮವನ್ನೂ ನೋಡಿ, ಚಪ್ಪಲಿ ಹೊರಗೆ ಬಿಟ್ಟು ಬಂದು ನಮಸ್ಕಾರ ಮಾಡಿದರು. "ಹೊಸಾದು ಇಟ್ಟು ಹೋಗ್ತೇವ್ರಿ. ದೇವರನ್ನ ಎಕ್ಸ್‌ಚೇಂಜ್‌ನ್ಯಾಗ ಒಯ್ಯಾಕ ಆಗೂದಿಲ್ಲ" ಎಂದು ನಡೆದುಬಿಟ್ಟರು.

ಹೀಗೆ ಈ ಸಲ ಎರಡು ಫ್ರಿಜ್ಜು. ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಬಂದಾಗ ಮಾಸ್ತರು ಹೊಸದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಿದ್ದರು: "ಅಕ್ಕಾರ, ಹಳೇದಕ್ಕ ಏನ್ ಬೇಕಾರ ಹಚ್ಚರಿ. ಇದೊಂದು ಬಿಡ್ರಿ, ಇನ್ನಾ ವಾರಂಟಿ ಮುಗಿದಿಲ್ಲ!"

ನಿಮ್ಮ ಮನೆ ಯಾರ ಹೊಲದ ಮೇಲೆ ನಿಂತಿದೆಯೋ ನಾನು ಕಾಣೆ. ಇದನ್ನು ನೆರೆಮನೆಯವರಿಗೆ ಒಮ್ಮೆ ಹೇಳಿರಿ. ಇನ್ನೂ ಅವರ ಪರಿಚಯ ಆಗಿಲ್ಲವಾದರೆ, ಇದನ್ನು ಹೇಳುವ ನೆಪದಲ್ಲಾದರೂ ಒಮ್ಮೆ ಬಾಗಿಲು ತಟ್ಟಿರಿ.