ಕ್ಯಾಂಪ್‌ಬೆಲ್ಲಿನಲ್ಲಿ ಕಾರಿಗೆ ಚಳಿಗಾಲ

ದುಃಖದಲ್ಲಿರುವವರು ಯಾರು ಯಾವ ಕೆಲಸ ಹೇಳಿದರೂ ಮಾಡಿಬಿಡುತ್ತಾರೆ. ಅದು ಬೇಕೇ ಬೇಡವೇ ಎಂದು ಕೇಳುವುದಿಲ್ಲ. ಇಲ್ಲದಿದ್ದರೆ ಡಿಸೆಂಬರಿನಲ್ಲೂ ಗುಲಾಬಿ ಬಿಡುವ ಈ ಕ್ಯಾಂಪ್‌ಬೆಲ್ಲಿನಲ್ಲಿ ನಾನು ಹಿಮ ಬೀಳುವ ಊರಿನವರಂತೆ ಕಾರನ್ನು ಕಟ್ಟಿ ಇಡುತ್ತಿರಲಿಲ್ಲ.

ನಮ್ಮವರು ಆಗಸ್ಟಿನಲ್ಲಿ ಹೋದರು. ಒಂದು ವರ್ಷ ಮನೆಯಲ್ಲಿ ಹಬ್ಬವಿಲ್ಲ. ಹಾಗಾಗಿ ಆಯುಧಪೂಜೆಯೂ ಇಲ್ಲ. ಕಾರಿಗೆ ಕುಂಕುಮವಿಲ್ಲ, ಚಕ್ರದಡಿ ನಿಂಬೆಹಣ್ಣಿಲ್ಲ. ಪೂಜೆಯಾಗದ ಕಾರನ್ನು ಓಡಿಸುವುದು ಹೇಗೆ, ಮುಂದಿನ ಆಯುಧಪೂಜೆಯವರೆಗೆ ಗ್ಯಾರೇಜಿನಲ್ಲೇ ಇರಲಿ ಎಂದು ಹಿಮ ಸುರಿಯುವ ಮಿನಿಯಾಪೊಲಿಸ್‌ನಲ್ಲಿರುವ ಮೈದುನನಿಗೆ ಫೋನಿನಲ್ಲಿ ಹೇಳಿದೆ. ಅಣ್ಣನನ್ನು ಕಳೆದುಕೊಂಡು, ನನ್ನ ಹತ್ತಿರ ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಅವನಿಗೆ ಜೀವ ಬಂತು. "ಸುಮ್ನೆ ನಿಲ್ಲಿಸೋಕಾಗಲ್ಲ ಅತ್ತಿಗೆ. ನಮ್ಮಲ್ಲಿ ವಿಂಟರ್‌ಗೆ ಕಾರು ಇಡೋಕೆ ಒಂದು ಕ್ರಮ ಇದೆ," ಎಂದ.

ಆ ಕ್ರಮ ನಮ್ಮ ಪುರೋಹಿತರ ಕ್ರಮಕ್ಕಿಂತ ಉದ್ದವಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಒಂದೊಂದು ಅಧ್ಯಾಯ. ಪೆಟ್ರೋಲು ತುಂಬಿಸಿ, ಆಯಿಲು ಬದಲಿಸಿ ತರುವುದನ್ನು ಪಕ್ಕದ ಮನೆಯವರು ಮಾಡಿಕೊಟ್ಟರು. ಬ್ಯಾಟರಿ ಕಳಚಿ ಹಲಗೆಯ ಮೇಲಿಟ್ಟೆ. ಇಲಿ ನುಗ್ಗದಂತೆ ಹಿಂದಿನ ಹೊಗೆಕೊಳವೆಗೆ ನಮ್ಮವರ ಹಳೆಯ ಬನಿಯನ್ ತುರುಕಿದೆ. ಅವರಿದ್ದಿದ್ದರೆ, ಇನ್ನೂ ಚೆನ್ನಾಗಿದೆಯಲ್ಲ ಎಂದು ಹೊರಗೆಳೆದು ಹಾಕಿಕೊಳ್ಳುತ್ತಿದ್ದರು. ಸೀಟಿನಡಿ ನುಸಿಗುಳಿಗೆ ಇಟ್ಟೆ. ನನ್ನ ರೇಷ್ಮೆ ಸೀರೆಗಳಿಗೂ ಇಷ್ಟು ಮಾಡಿದವಳಲ್ಲ. ಧೂಳು ಕೂರದಂತೆ ಮೇಲೊಂದು ಬಿಳಿಯ ಬೆಡ್‌ಶೀಟು ಹೊದಿಸಿದೆ. ಹೊದಿಸಿದ ಮೇಲೆ ಯಾರೋ ಮಲಗಿದ ಹಾಗೆ ಕಂಡಿತು.

ಈಗ ನನ್ನನ್ನು ಗ್ರೋಸರಿಗೆ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗುವವರು ಎದುರು ಮನೆಯ ಗಂಗಕ್ಕ, ಹುಬ್ಬಳ್ಳಿಯವರು. ಮೊನ್ನೆ ನನ್ನನ್ನು ಕರೆಯಲು ಬಂದವರು ಗ್ಯಾರೇಜಿಗೆ ಇಣುಕಿದರು.

"ಸೂತಕ ನಿಮಗಷ್ಟ ಅಂತ ತಿಳದಿದ್ದೆ. ಕಾರಿಗೂ ಬಂತೇನ್ರಿ?"

"ಅದಕ್ಕೆ ಪೂಜೆ ಆಗಿಲ್ವಲ್ಲ ಗಂಗಕ್ಕ."

"ನನ್ನ ಕಾರಿನ್ಯಾಗ ಕುಂತು ಬರ್ತೀರಲ್ಲ, ಅದಕ್ಕ ನಾ ಎಂದೂ ಪೂಜಿ ಮಾಡಿಲ್ಲ. ಇರ್ಲಿ, ಹೊರಗ ಯಾವಾಗ ತಗೀತೀರಿ?"

"ಮುಂದಿನ ಆಯುಧಪೂಜೆಗೆ."

"ಅಂದ್ರ ಅಕ್ಟೋಬರ್‌ದಾಗ. ಚಳಿಗಾಲಕ್ಕಂತ ಇಟ್ಟೀರಿ, ಮತ್ತ ಚಳಿಗಾಲ ಬರೂಮುಂದ ತಗೀತೀರಿ. ಶಾಣ್ಯಾರದೀರಿ ಬಿಡ್ರಿ."

ಆಗಸ್ಟಿನ ನಂತರ ಮೊದಲ ಸಲ ನಗು ಬಂತು. ನಗುತ್ತಲೇ ನಿಜ ಹೇಳಿಬಿಟ್ಟೆ. ನಮ್ಮವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಈ ಕಾರಿನಲ್ಲಿ, ನಾನೇ ಓಡಿಸಿಕೊಂಡು. ಅಷ್ಟು ನೋವಿನಲ್ಲೂ ದಾರಿಯುದ್ದಕ್ಕೂ "ನಿಧಾನ, ನಿಧಾನ" ಎನ್ನುತ್ತಿದ್ದರು. ವಾಪಸು ಬರುವಾಗ ಹೇಳುವವರಿರಲಿಲ್ಲ. ಮತ್ತೆ ಕೂತರೆ ಪಕ್ಕದ ಸೀಟು ಹಾಗೆಯೇ ಸುಮ್ಮನಿರುತ್ತದೆ ಎಂಬ ಭಯಕ್ಕೆ ಪೂಜೆಯ ನೆಪ ಸಿಕ್ಕಿತ್ತು.

ಗಂಗಕ್ಕ ಬೆಡ್‌ಶೀಟಿನ ಅಂಚು ಸರಿಮಾಡುತ್ತ ನಿಂತರು. ಆಮೇಲೆ, "ಬ್ಯಾಟ್ರಿ ಹಾಕ್ರಿ. ಬಾಜೂಕ ನಾ ಕೂಡ್ತೀನಿ. ನಿಧಾನ ಅನ್ನೂದು ನನಗೂ ಬರ್ತದ," ಎಂದರು.

ಆಗಲಿ ಎಂದೆ. ಆದರೆ ಬ್ಯಾಟರಿಯನ್ನು ವಾಪಸು ಹಾಕುವಾಗ ಯಾವ ತಂತಿ ಮೊದಲು ಎಂಬುದು ಇಬ್ಬರಿಗೂ ಗೊತ್ತಿಲ್ಲ. ಮೈದುನನನ್ನೇ ಕೇಳಬೇಕು. ಪಾಪ, ಟೈರಿನ ಅಧ್ಯಾಯ ಇನ್ನೂ ಬಾಕಿಯಿದೆ ಎಂದು ಅವನು ಭಾನುವಾರಕ್ಕೆ ಕಾದಿದ್ದಾನೆ. ಅದನ್ನು ಹೇಳಿ ಮುಗಿಸಲಿ, ಆಮೇಲೆ ಕೇಳಿದರಾಯಿತು. ಅಷ್ಟರಲ್ಲಿ ನನಗೂ ಹೆದರಿಕೊಂಡಿರಲು ಇನ್ನೊಂದು ವಾರ ಸಿಗುತ್ತದೆ.