ಬಲಕ್ಕೆ ಬಂದ ಜೇಬು

ನಲ್ಲಿ ಮೇಸ್ತ್ರಿ ಪಾತ್ರೆ ತೊಳೆಯುತ್ತಿದ್ದ. ತಳ ಹಿಡಿದ ಬಾಣಲೆಯ ಮೇಲೆ ಅರ್ಧ ಜಯ ಸಾಧಿಸಿದ್ದ, ಅಷ್ಟರಲ್ಲಿ ಕಿಟಕಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ಫೋನು ಗುರ್ ಎಂದಿತು. ಅವನ ಕೈಯೆಲ್ಲ ಸೋಪು. ಹೆಂಡತಿಯೇ ಬಗ್ಗಿ ನೋಡಿದಳು.

"ಏನೂಂದ್ರೆ, ನಿಮ್ಮ ವಿಡಿಯೋನ ನಮ್ಮ ಬೀದಿಯೋರೆಲ್ಲ ನೋಡ್ಬಿಟ್ಟಿದಾರೆ!"

ಬಾಣಲೆ ಕೈತಪ್ಪಿ ಬಿತ್ತು.

ಮೇಸ್ತ್ರಿಯ ಮಂಡಿಗಳು ಅವನ ಮೇಲೆ ಮುನಿಸಿಕೊಂಡು ಬಹಳ ಕಾಲವಾಗಿತ್ತು. ಸಿಂಕಿನ ಕೆಳಗೆ ಮಂಡಿಯೂರಿದರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. "ಮಂಡಿಯೂರೋ ಕೆಲಸ ನೀವು ಬಿಡಿ, ಇಲ್ಲಾಂದ್ರೆ ಮಂಡಿಗಳೇ ನಿಮ್ಮನ್ನ ಬಿಡ್ತಾವೆ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಪುಣ್ಯಕ್ಕೆ ಕಸುಬು ಕಲಿಸುವ ಸಂಜೆ ಶಾಲೆಯವರು ಮೇಸ್ಟರಾಗಿ ಬನ್ನಿ ಎಂದು ಕರೆದಿದ್ದರು. ಒಪ್ಪಿಗೆಯ ಕಾಗದವನ್ನೂ ಬರೆದಿದ್ದ. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕಲ್ಲ ಎಂದು ನೆನೆದರೇ ನಾಲಿಗೆ ಒಣಗುತ್ತಿತ್ತು. "ನಾಳೆ ಹಾಕ್ತೀನಿ" ಎನ್ನುತ್ತಲೇ ಕಾಗದ ಮನೆಯಲ್ಲೇ ಹಳೆಯದಾಯಿತು.

ಆಗ ಭಾವಮೈದ ಬಂದು ಕಿವಿಯೂದಿದ. "ಮೇಸ್ಟರಿಕೆ ಎಲ್ಲ ಯಾಕೆ ಭಾವಾ? ಪ್ಯಾಸಿವ್ ಇನ್‌ಕಮ್ ಅಂತ ಇದೆ. ಒಂದ್ಸಲ ವಿಡಿಯೋ ಹಾಕ್ಬಿಡು. ಆಮೇಲೆ ನೀನು ಗೊರಕೆ ಹೊಡೀತಿದ್ರೂ ದುಡ್ಡು ಬಂದು ಬಾಗಿಲು ತಟ್ಟುತ್ತೆ."

"ದುಡ್ಡು ನಿನ್ನ ಬಾಗಿಲು ತಟ್ಟಿತಾ?"

"ನಾನಿನ್ನೂ ಕಲೀತಿದೀನಿ."

ಮೊದಲನೇ ವಿಡಿಯೋದಲ್ಲಿ ಸಿಂಕೂ ಇರಲಿಲ್ಲ, ನಟ್ಟೂ ಇರಲಿಲ್ಲ. ಉದ್ದಕ್ಕೂ ಮೇಸ್ತ್ರಿಯ ಬೆನ್ನು. "ಸೋಲಿಂದ ಕಲೀಬೇಕು ಭಾವಾ" ಎಂದ ಭಾವಮೈದ. ಮೇಸ್ತ್ರಿ ಕಲಿತ. ಎರಡನೇ ಸಲ ಫೋನಿನ ಮುಖವನ್ನು ತನ್ನ ಕಡೆಗೇ ತಿರುಗಿಸಿಕೊಂಡು, ಅದು ಜಾರದಂತೆ ಆ ಒಪ್ಪಿಗೆ ಕಾಗದದ ಲಕೋಟೆಯನ್ನೇ ಬುಡಕ್ಕೆ ಒತ್ತು ಕೊಟ್ಟ. ಕನ್ನಡಿ ನೋಡುವವನ ಹಾಗೆ ತನ್ನನ್ನು ತಾನು ನೋಡಿಕೊಳ್ಳುತ್ತ, ಸೋರುವ ನಲ್ಲಿಯ ನಟ್ಟು ಬಿಗಿ ಮಾಡುವುದನ್ನು ತೋರಿಸಿದ. ಮಾತಿಲ್ಲ, ಬರೀ ಸಂಗೀತ. ನಿನ್ನೆ ಸಂಜೆ ಹೆಂಡತಿ ಅದನ್ನು ಬೀದಿಗೆಲ್ಲ ಕಳಿಸಿದ್ದಳು.

ಈಗ ಬಾಣಲೆ ಬಿದ್ದ ಬೆನ್ನಿಗೇ ಬಾಗಿಲು ತಟ್ಟಿದ ಸದ್ದಾಯಿತು. ದುಡ್ಡೇ ಬಂತೆಂದು ಮೇಸ್ತ್ರಿ ಓಡಿದ. ಬಂದವರು ಕೆಳಗಿನ ಮನೆಯ ಟೀಚರಮ್ಮ. ನೆತ್ತಿಯಿಂದ ನೀರಿಳಿಯುತ್ತಿತ್ತು.

"ವಿಡಿಯೋ ಹೇಗಿತ್ತು ಟೀಚರಮ್ಮ?"

"ಬಹಳ ಚೆನ್ನಾಗಿತ್ತಪ್ಪ. ನೀನು ತಿರುಗಿಸಿದ ಹಾಗೇ ತಿರುಗಿಸಿದೆ. ಈಗ ನನ್ನ ಅಡುಗೆಮನೇಲಿ ಮೀನು ಸಾಕಬಹುದು. ನಿಂಗೆ ಈಜು ಬರುತ್ತೋ?"

ಮೇಸ್ತ್ರಿ ಕಿರುಗುಟ್ಟುತ್ತ ಮಂಡಿಯೂರಿ ಸರಿಮಾಡಿದ. ಕೂಲಿ ಕೇಳಲು ಬಾಯಿ ಬರಲಿಲ್ಲ. ಎದ್ದು ನಿಲ್ಲುವುದರೊಳಗೆ ಪಕ್ಕದ ಮನೆಯ ಗುಮಾಸ್ತ ಕೂಗಿಕೊಂಡ. ಅಲ್ಲಿ ನಟ್ಟು ಕಿತ್ತುಬಂದು, ಚಪ್ಪಲಿಗಳು ಮೆಟ್ಟಿಲ ಮೇಲೆ ಸಾಲಾಗಿ ಇಳಿದು ಹೋಗುತ್ತಿದ್ದವು.

"ನಿಮ್ಮ ನಲ್ಲಿ ಯಾವತ್ತಿಂದ ಸೋರ್ತಿತ್ತು?"

"ಎಲ್ಲಿ ಸೋರ್ತಿತ್ತು? ಸುಮ್ನೆ ಕಲಿಯೋಣ ಅಂತ ತಿರುಗಿಸ್ದೆ."

ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಒದ್ದೆ. ಮೇಸ್ತ್ರಿ ಒಂದು ಸಿಂಕಿನ ಕೆಳಗಿಂದ ಇನ್ನೊಂದು ಸಿಂಕಿನ ಕೆಳಕ್ಕೆ ಇಲಿಯಂತೆ ನುಸುಳುತ್ತಿದ್ದ. ಭಾವಮೈದ ಮಾತ್ರ ಒಣಗಿದ ಜಾಗ ನೋಡಿಕೊಂಡು ನಿಂತು, "ಪ್ರಚಾರ ಚೆನ್ನಾಗಾಗ್ತಿದೆ ಭಾವಾ" ಎನ್ನುತ್ತಿದ್ದ.

ಕೊನೆಗೆ ದರ್ಜಿ ಬಂದ. ಅವನ ಅಂಗಡಿಯಲ್ಲಿ ನಲ್ಲಿಯೇ ಇರಲಿಲ್ಲ. ಆದರೂ ಮುಖ ಕೆಂಪಾಗಿತ್ತು.

"ಮೇಸ್ತ್ರಿ, ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು. ವಿಡಿಯೋದಲ್ಲಿರೋದು ನಾನು ಹೊಲಿದ ಅಂಗಿ. ಜೇಬು ಎಡಕ್ಕೆ ಇಟ್ಟಿದ್ದೆ. ಅದು ಬಲಕ್ಕೆ ಹೇಗೆ ಬಂತು? ನನ್ನ ಮರ್ಯಾದೆ ಏನಾಗ್ಬೇಕು?"

ಎಲ್ಲರೂ ಫೋನಿಗೆ ಮುತ್ತಿಕೊಂಡರು. ಜೇಬು ಬಲಕ್ಕಿತ್ತು. ಸ್ಪ್ಯಾನರು ಎಡಗೈಯಲ್ಲಿತ್ತು. ಬಿಗಿ ಮಾಡಬೇಕಾದ ನಟ್ಟು ಸಡಿಲಾಗುವ ಕಡೆಗೆ ತಿರುಗುತ್ತಿತ್ತು.

"ಕನ್ನಡಿ!" ಎಂದ ದರ್ಜಿ, ಎದೆಯ ಭಾರ ಇಳಿದವನಂತೆ. "ನಿಮ್ಮ ಫೋನು ಎಲ್ಲಾನೂ ಕನ್ನಡಿ ಥರ ತಿರುಗಿಸಿಬಿಟ್ಟಿದೆ. ಸದ್ಯ, ತಪ್ಪು ನಂದಲ್ಲ!"

"ಸೋಲಿಂದ…" ಎಂದು ಭಾವಮೈದ ಶುರುಮಾಡಿದ. ಅಕ್ಕನ ಕಣ್ಣು ನೋಡಿ ಮಿಕ್ಕದ್ದನ್ನು ನುಂಗಿಕೊಂಡ.

"ಇನ್ನೊಂದು ವಿಡಿಯೋ ಮಾಡು. ಈ ಸಲ ಬಾಯಿ ಬಿಟ್ಟು ಹೇಳು" ಎಂದು ಟೀಚರಮ್ಮ ಅಪ್ಪಣೆ ಕೊಟ್ಟರು. ಅವರ ಅಡುಗೆಮನೆಯಲ್ಲೇ ಎಲ್ಲ ಸೇರಿದರು. ಫೋನನ್ನು ದರ್ಜಿ ಹಿಡಿದ, ಜೇಬು ಎಡಕ್ಕಿದೆಯೆಂದು ಖಾತ್ರಿ ಮಾಡಿಕೊಂಡು. ಮೇಸ್ತ್ರಿಯ ನಾಲಿಗೆ ಒಣಗಿತು. "ಗಡಿಯಾರದ ಮುಳ್ಳು… ಮುಳ್ಳು ತಿರುಗೋ ಕಡೆಗೆ…" ಎಂದು ತಡವರಿಸಿದ.

"ನಮ್ಮನೆ ಗಡಿಯಾರ ನಿಂತುಹೋಗಿದೆಯಲ್ಲ?" ಎಂದ ಗುಮಾಸ್ತ.

"ಹಾಗಾದ್ರೆ ನೀವು ಅದು ಶುರುವಾಗೋವರೆಗೂ ಕಾಯಿರಿ!"

ಎಲ್ಲ ಗೊಳ್ಳೆಂದರು. ಆಮೇಲೆ ಮಾತು ತಾನಾಗಿಯೇ ಬಂತು. ಎಷ್ಟು ಬಿಗಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಕೈಗೆ ಹೇಗೆ ಗೊತ್ತಾಗುತ್ತದೆ ಎಂದು ಹೇಳುತ್ತ ಒಬ್ಬೊಬ್ಬರಿಂದಲೂ ಮಾಡಿಸಿದ. ಗುಮಾಸ್ತನೂ ಒಂದು ಹನಿ ಚೆಲ್ಲದೆ ಬಿಗಿ ಮಾಡಿದ.

ವಿಡಿಯೋ ಹಾಕಿ, ಸಂಜೆ ಹಿಗ್ಗಿನಿಂದ ಮೆಟ್ಟಿಲೇರುತ್ತಿದ್ದಾಗ ಒಂದೊಂದೇ ಬಾಗಿಲು ತೆರೆಯಿತು.

"ಮೇಸ್ತ್ರಿ, ನಾಳೆ ಬರ್ಬೇಡಿ. ಬಚ್ಚಲ ನಲ್ಲಿ ನಾನೇ ಸರಿಮಾಡ್ಕೊಂಡೆ!"

"ನಮ್ಮನೆಗೂ ಬೇಡ. ಅತ್ತೆಯೋರೇ ಸರಿಮಾಡಿದ್ರು!"

ಬೆಳಗಿನ ತಪ್ಪು ಬಿಟ್ಟಿ ಕೆಲಸ ತಂದಿತ್ತು. ಸಂಜೆಯ ಸರಿ, ಇದ್ದ ಕೆಲಸವನ್ನೂ ಒಯ್ದಿತ್ತು. ಮೇಸ್ತ್ರಿ ಅರ್ಧ ತೊಳೆದ ಬಾಣಲೆಯ ಮುಂದೆ ಬಂದು ನಿಂತ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಕಲಿಸೋಕೆ ಬರಲ್ಲ ಅಂತಿದ್ರಲ್ಲ? ಒಂದೇ ದಿನಕ್ಕೆ ಬೀದಿಗೆಲ್ಲ ಕಲಿಸಿ ನಮ್ಮ ಹೊಟ್ಟೆ ಮೇಲೇ ಕಲ್ಲು ಹಾಕ್ಕೊಂಡ್ರಲ್ಲ!"

ಮೇಸ್ತ್ರಿ ಕೈ ಒರೆಸಿಕೊಂಡು, ಕಿಟಕಿ ಕಟ್ಟೆಯ ಮೇಲೆ ಬಿದ್ದಿದ್ದ ಲಕೋಟೆಯನ್ನು ಎತ್ತಿ ಅದರ ಸುಕ್ಕು ನೀವಿದ.

"ಆ ಶಾಲೇಲಿ ಕೂತ್ಕೊಳ್ಳೋಕೆ ಕುರ್ಚಿ ಆದ್ರೂ ಕೊಡ್ತಾರಂತಾ?" ಎಂದಳು ಅವಳು.

"ಇಲ್ಲವಂತೆ. ಸಂಜೆಯೆಲ್ಲ ನಿಂತೇ ಇರ್ಬೇಕು."

"ಮಲಗಿದ್ರೂ ದುಡ್ಡು ಬರುತ್ತೆ ಅಂತ ನಂಬಿದ್ರಿ!"

"ನಿಂತ್ರೆ ಮಂಡಿ ನೋಯಲ್ಲ ಕಣೇ" ಎಂದ ಮೇಸ್ತ್ರಿ.

ಲಕೋಟೆಯನ್ನು ಜೇಬಿಗಿಟ್ಟುಕೊಂಡು, ಇನ್ನೂ ಆರದ ಬೀದಿಯಲ್ಲಿ ನೀರು ತುಳಿಯುತ್ತ ಮೂಲೆಯ ಅಂಚೆ ಪೆಟ್ಟಿಗೆಯವರೆಗೆ ನಡೆದ. ಜೇಬು ಎಡಕ್ಕೇ ಇತ್ತು. ಲಕೋಟೆಯನ್ನು ತೆಗೆದು, ಮತ್ತೊಮ್ಮೆ ಯೋಚಿಸಲು ಹೋಗದೆ, ಒಳಕ್ಕೆ ತಳ್ಳಿದ.