ಉಗ್ರಾಣದಲ್ಲಿ ಮೂರು ಒಂದನೇ ಡಬ್ಬಿ

ಮದುವೆ ಮನೆಯ ಉಗ್ರಾಣವನ್ನು ನನ್ನಷ್ಟು ಶಾಸ್ತ್ರೋಕ್ತವಾಗಿ ನಡೆಸಿದವರು ಮಾನವಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ಇನ್ನು ಮುಂದೆ ಹಾಗೆ ನಡೆಸಲು ಯಾರೂ ಬಿಡುವುದಿಲ್ಲ, ಅದು ಬೇರೆ ಮಾತು.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ನನ್ನ ಹೆಂಡತಿ ಸುನಂದಾಳ ಅಣ್ಣ, ಮಗಳ ಮದುವೆಯಲ್ಲಿ ಉಗ್ರಾಣದ ಕೀಲಿಕೈಯನ್ನು ನನಗೆ ಕೊಟ್ಟರು. ಅವಳ ತವರಿನವರು ನನ್ನನ್ನು ನಂಬಿ ಕೊಟ್ಟ ಮೊದಲ ಜವಾಬ್ದಾರಿ ಅದು. ಸುನಂದಾ ನನ್ನನ್ನು ಮೂಲೆಗೆ ಕರೆದು, "ಈ ಸಲನಾರ ನಮ್ಮ ತವರಮನ್ಯಾಗ ನಿಮ್ಮ ಬಗ್ಗೆ ಒಂದು ಚಲೋ ಮಾತು ಬರಂಗ ಮಾಡ್ರಿ" ಎಂದಳು. ಒಂದೇ ಮಾತೇ ಎಂದು ನನಗೆ ನಗು ಬಂತು.

ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನನಿರುತ್ತಾನೆ. ಆತ ಮೆಮೊರಿಯನ್ನು ಎರಡು ಪಾಲು ಮಾಡಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಪ್ರೋಗ್ರಾಮುಗಳಿಗೆ ಬಿಡುತ್ತಾನೆ. ಯಜಮಾನನ ಪಾಲಿನಲ್ಲಿ ಯಾರೂ ಕಾಲಿಡುವಂತಿಲ್ಲ. ಬೇಕಾದ್ದನ್ನು ಹೊರಗೆ ನಿಂತು ಕೇಳಬೇಕು. ಇನ್ನೂ ಸೊಗಸೆಂದರೆ, ಪ್ರತಿ ಪ್ರೋಗ್ರಾಮೂ ತನ್ನ ಸಾಮಾನು ಒಂದನೇ ನಂಬರಿನಲ್ಲೇ ಇದೆ ಎಂದು ನಂಬಿರಬಹುದು. ಆ ಒಂದನೇ ನಂಬರುಗಳೆಲ್ಲ ನಿಜವಾಗಿ ಎಲ್ಲೆಲ್ಲಿವೆ ಎಂಬುದು ಯಜಮಾನನಿಗೆ ಮಾತ್ರ ಗೊತ್ತು.

ಉಗ್ರಾಣವೂ ಹಾಗೆಯೇ ನಡೆಯಿತು. ಬಾಗಿಲಿಗೆ ಚಿಲಕ ಹಾಕಿ, ಕೊಡುವುದು ಕೊಳ್ಳುವುದೆಲ್ಲ ಕಿಟಕಿಯಲ್ಲಿ ಎಂದು ಸಾರಿದೆ. ಮುಖ್ಯ ಸಾಮಾನಿಗೆ ಒಂದೇ ತರಹದ ಮೂರು ಸ್ಟೀಲ್ ಡಬ್ಬಿಗಳಿದ್ದವು, ಮೂರರ ಮೇಲೂ ಒಂದು ಎಂದೇ ಬರೆದೆ. ಗಂಡಿನವರಿಗೆ, "ನಿಮ್ಮ ತಾಳಿ ಒಂದನೇ ಡಬ್ಬಿಯಲ್ಲಿದೆ" ಎಂದೆ. ಹೆಣ್ಣಿನವರಿಗೆ, ಬಳೆ ಒಂದನೇ ಡಬ್ಬಿಯಲ್ಲಿದೆ ಎಂದೆ. ಅಡುಗೆಯವರಿಗೂ, ಖಾರಪುಡಿ ಒಂದನೇ ಡಬ್ಬಿಯಲ್ಲೇ ಇದೆ ಎಂದೆ. ತಮಗೇ ಮೊದಲ ಮರ್ಯಾದೆ ಸಿಕ್ಕಿತೆಂದು ಎಲ್ಲರೂ ಖುಷಿಯಾದರು. ಬೀಗರಂತೂ ನನ್ನ ಕೈ ಕುಲುಕಿದರು.

ಮುಹೂರ್ತ ಹತ್ತಿರ ಬಂದಾಗ ಫೋಟೋದವನು ಅಳಿಯಂದಿರನ್ನು ಕರೆದ. ಹೊಸ ಅಂಗಿ ಹಾಕಿದ್ದೆ, ಹೋಗದಿರಲು ಮನಸ್ಸು ಕೇಳಲಿಲ್ಲ. ಸುನಂದಾಳ ಸೋದರತ್ತೆ ಬಸಮ್ಮತ್ತೆಯನ್ನು ಒಳಗೆ ಕೂರಿಸಿ, ಹೊರಗೆ ನಿಂತವರು ಯಾರೇ ಆಗಲಿ ಚಿಲಕ ತೆಗೆಯಬೇಡಿ, ಅವರ ಮಾತು ನಂಬಬೇಡಿ, ಯಾವ ಡಬ್ಬಿ ಎಲ್ಲಿದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ, ಕೇಳಿದ ನಂಬರು ಮಾತ್ರ ಕೊಡಿ ಎಂದು ಹೇಳಿ ಹೋದೆ.

ಫೋಟೋಕ್ಕೆ ನಗುತ್ತಿರುವಾಗಲೇ ಮಂಟಪದಿಂದ ದೊಡ್ಡ ಸೀನು ಕೇಳಿಸಿತು. ಮದುವೆ ಮಾಡಿಸುತ್ತಿದ್ದ ಅಯ್ಯನವರು ತಾಳಿಗೆಂದು ತೆರೆದ ಒಂದನೇ ಡಬ್ಬಿಯಲ್ಲಿ ಖಾರಪುಡಿ ಇತ್ತು! ಅತ್ತ ಅಡುಗೆಯವನು ಬಳೆಯ ಡಬ್ಬಿ ಹಿಡಿದು, ಸಾರಿಗೆ ಇದನ್ನು ಹಾಕಬೇಕೇ ಎಂದು ಎಲ್ಲರನ್ನೂ ಕೇಳುತ್ತಿದ್ದ. ವರನ ತಾಯಿಯ ಮುಖ ಖಾರಪುಡಿಗಿಂತ ಕೆಂಪಾಗಿತ್ತು.

ಉಗ್ರಾಣಕ್ಕೆ ಓಡಿದೆ.

"ಅತ್ತಿ, ನಾನರೀ. ಬಾಗಿಲ ತೆಗೀರಿ."

"ಹೊರಗ ನಿಂತವ್ರು ಯಾರ ಆದ್ರೂ ತೆಗೀಬ್ಯಾಡ್ರಿ ಅಂತ ನೀವ ಹೇಳೀರಿ. ಈಗ ನೀವು ಹೊರಗ ನಿಂತೀರಿ."

ಹೋಗಲಿ, ಅಕ್ಕಿ ಚೀಲದ ಹಿಂದಿರುವ ತಾಳಿಯ ಡಬ್ಬಿಯನ್ನಾದರೂ ಕೊಡಿ ಎಂದು ಬೇಡಿಕೊಂಡೆ.

ಬಸಮ್ಮತ್ತೆ ಕಿಟಕಿಯಿಂದ ನನ್ನನ್ನು ಅನುಮಾನದಿಂದ ನೋಡಿದರು. "ಯಾವ ಡಬ್ಬಿ ಎಲ್ಲದ ಅಂತ ಹೊರಗಿನವ್ರಿಗೆ ಗೊತ್ತಿರಂಗಿಲ್ಲ ಅಂದಿದ್ರಿ. ನಿಮಗ ಹೆಂಗ ಗೊತ್ತಾತು?"

ನನ್ನ ಶಾಸ್ತ್ರ ನನಗೇ ತಿರುಗಿ ಬಿದ್ದಿತ್ತು. ಕೊನೆಗೆ ಸುನಂದಾ ಬಂದು ಅತ್ತೆಯನ್ನು ಒಪ್ಪಿಸಿ ಬಾಗಿಲು ತೆಗೆಸಿದಳು. ಒಳಗೆ ನುಗ್ಗಿ ನೋಡಿದರೆ ಅಕ್ಕಿ ಚೀಲದ ಹಿಂದೆ ಏನೂ ಇಲ್ಲ. ಬೆಳಿಗ್ಗೆ ಇನ್ನಷ್ಟು ಭದ್ರವಾಗಿರಲಿ ಎಂದು ನಾನೇ ಜಾಗ ಬದಲಿಸಿದ್ದೆ. ಎಲ್ಲಿಗೆ ಎಂಬುದು ಯಜಮಾನನಿಗೆ ಮಾತ್ರ ಗೊತ್ತಿತ್ತು, ಅವನೀಗ ಮರೆತಿದ್ದ. ಬೀಗರು, ಅಡುಗೆಯವರು, ವಾಲಗದವರು ಎಲ್ಲರೂ ಉಗ್ರಾಣಕ್ಕೆ ನುಗ್ಗಿ ಹುಡುಕಿದರು. ಬೆಲ್ಲದ ಬುಟ್ಟಿಯ ತಳದಲ್ಲಿ, ಮುಚ್ಚಳ ತೆರೆದುಕೊಂಡಿದ್ದ ಡಬ್ಬಿಯಲ್ಲಿ ತಾಳಿ ಸಿಕ್ಕಿತು. ಮುಹೂರ್ತ ಮೀರುವುದರೊಳಗೆ ವರ ಅದನ್ನು ಕಟ್ಟಿದ. ಸ್ವಲ್ಪ ಅಂಟುತ್ತಿತ್ತು ಅಷ್ಟೇ.

ಸಂಜೆ ರಾಯಚೂರು ಬಸ್ಸಿನಲ್ಲಿ ಸುನಂದಾ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ಕಲ್ಲೂರು ದಾಟಿದ ಮೇಲೆ ಧೈರ್ಯ ಮಾಡಿ, ತವರಿನವರು ನನ್ನ ಬಗ್ಗೆ ಏನಾದರೂ ಅಂದರೇ ಎಂದು ಕೇಳಿದೆ.

"ಅಂದ್ರು. ನಿಮಗ ಒಂದನೇ ನಂಬರ್ ಅಳಿಯ ಅಂತ ಹೆಸರಿಟ್ಟಾರ."

ಈ ನಂಬರನ್ನು ಮಾತ್ರ ಬೇರೆ ಯಾರಿಗೂ ಕೊಟ್ಟಿಲ್ಲವಂತೆ.